ಕೂರೋ ಕಾಸು: ಆಟದಂಗಡಿಯಲ್ಲಿ ಟೇಬಲ್‌ಗೆ ದುಡ್ಡು ಕೇಳುವ ಬಗೆ

"ಎಂಥ ಮಗಳೇ, ಕೂರೋಕೂ ದುಡ್ಡಾ?"

ಕೇಳಿದವರು ಅಪ್ಪನ ಜೊತೆ ಓದಿದವರು. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಸರಾ ಮಂಟಪ ತೋರಿಸಿದವರು. ಮೊಮ್ಮಗನ ಕೈ ಹಿಡಿದು ನನ್ನ ಆಟದಂಗಡಿಯ ಮಹಡಿ ಹತ್ತಿ ಬಂದು, ಗೋಡೆಯ ಬೋರ್ಡ್ ಓದಿ, ಕನ್ನಡಕ ಒರೆಸಿ ಇನ್ನೊಮ್ಮೆ ಓದಿ ಹೀಗೆ ಕೇಳಿದರು. ಮುಖ ಎಲ್ಲಿಟ್ಟುಕೊಳ್ಳಲಿ ಅನಿಸಿತು. "ನಿಮಗಲ್ಲ ಮಾವ, ಬೇರೆಯವರಿಗೆ" ಅಂದುಬಿಟ್ಟೆ. ಅಲ್ಲಿಗೆ ಕೆಟ್ಟಿತು. ಮಡಿಕೇರಿಯಲ್ಲಿ ಬೇರೆಯವರು ಅಂತ ಯಾರಿದ್ದಾರೆ? ಒಬ್ಬರು ಅಪ್ಪನ ಸ್ನೇಹಿತರು, ಒಬ್ಬರು ನನ್ನ ಟೀಚರ ಮಗ, ಒಬ್ಬರು ಚಿಕ್ಕಮ್ಮನ ನಾದಿನಿಯ ಮನೆಯವರು. ಆ ವಾರ ಕುರ್ಚಿ ತುಂಬಿತ್ತು, ಗಲ್ಲಾ ಖಾಲಿ.

ಕುಶಾಲನಗರ, ವಿರಾಜಪೇಟೆ ಕಡೆಯ ಕೆಲವರು ನಾವೂ ಅಂಗಡಿಯಲ್ಲಿ ಕೂತು ಆಡಲು ನಾಲ್ಕು ಟೇಬಲ್ ಹಾಕಬೇಕು, ಎಷ್ಟು ತೆಗೆದುಕೊಳ್ಳುತ್ತೀರಿ ಅಂತ ಈಚೆಗೆ ಕೇಳುತ್ತಿದ್ದಾರೆ. ಎಷ್ಟು ಅನ್ನುವುದನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಹೇಗೆ ಕೇಳುವುದು ಅಂತ ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಕೆಳಗೆ ಅಪ್ಪನ ಕಾಲದ ಪುಸ್ತಕ, ಪೆನ್ನು, ಆಟದ ಸಾಮಾನಿನ ಅಂಗಡಿ. ಮೇಲಿನ ಕೋಣೆಯಲ್ಲಿ ಐದು ಟೇಬಲ್, 20 ಕುರ್ಚಿ. ಮೂಲೆಯಲ್ಲಿ ಒಂದು ಕೇರಂ ಬೋರ್ಡ್. ಮೊದಲು ಎಲ್ಲ ಬಿಟ್ಟಿ. ಆಡಿ ನೋಡಿದವರು ಆಟ ಕೊಳ್ಳುತ್ತಾರೆ ಅಂದುಕೊಂಡಿದ್ದೆ. ಹೊರದೇಶದ ಅಂಗಡಿಗಳು ಹಾಗೇ ನಡೆಯುತ್ತವೆ ಅಂತ ಓದಿದ್ದೆನಲ್ಲ. ಅಲ್ಲಿ ಅದು ನಡೆಯುವುದಕ್ಕೆ ಕಾರಣ ಬೇರೆ. 1993ರಲ್ಲಿ ಮ್ಯಾಜಿಕ್ ದ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟ ಬಂತು. ಅದನ್ನು ಆಡುವವನು ವಾರವಾರವೂ ಹೊಸ ಕಾರ್ಡ್ ಪ್ಯಾಕೆಟ್ ಒಡೆಯುತ್ತಾನೆ. ಅವನನ್ನು ಬಿಟ್ಟಿ ಕೂರಿಸಿದರೂ ಅಂಗಡಿಗೆ ಲಾಭ. ನಮ್ಮಲ್ಲಿ ನಡೆಯುವುದು ಕಟಾನ್ ಅನ್ನುವ, ದಾಳ ಹಾಕಿ ರಸ್ತೆ, ಹಳ್ಳಿ ಕಟ್ಟುವ ಬೋರ್ಡ್ ಆಟ, ಮತ್ತೆ ಲೂಡೊ, ಚೆಸ್, ಕೇರಂ. ನಾಲ್ಕು ಜನ ಸೇರಿ ಒಂದು ಕಟಾನ್ ಪೆಟ್ಟಿಗೆ ಕೊಂಡರೆ ಐದು ವರ್ಷ ಅದೇ ಸಾಕು. ಆ ಒಂದನ್ನೂ ಇಲ್ಲಿ ಆಡಿ, ಪೆಟ್ಟಿಗೆಯ ಫೋಟೊ ತೆಗೆದು, ನನ್ನೆದುರಿಗೇ ಫೋನಿನಲ್ಲಿ 150 ರೂಪಾಯಿ ಕಡಿಮೆಗೆ ಆರ್ಡರ್ ಮಾಡಿದವರನ್ನು ಕಂಡಿದ್ದೇನೆ. ಡೆಲಿವರಿ ಹುಡುಗ ಅಡ್ರೆಸ್ ಕೇಳಿಕೊಂಡು ನನ್ನ ಅಂಗಡಿಗೇ ಬಂದಿದ್ದ. ಇರಲಿ.

ಟೇಬಲ್‌ಗೆ ದುಡ್ಡು ತೆಗೆದುಕೊಳ್ಳುವುದು ಹೊಸದೇನಲ್ಲ. ಜಪಾನಿನಲ್ಲಿ ಕಪ್ಪು ಬಿಳಿ ಕಲ್ಲಿಟ್ಟು ಆಡುವ 'ಗೋ' ಅನ್ನುವ ಆಟದ ಮನೆಗಳಿವೆ, ಅಲ್ಲಿ ಆಸನಕ್ಕೆಂದೇ ಶುಲ್ಕ. ಟೊರಾಂಟೊದಲ್ಲಿ 2010ರಲ್ಲಿ ಶುರುವಾದ ಸ್ನೇಕ್ಸ್ ಆಂಡ್ ಲಾಟೆಸ್ ಅನ್ನುವ ಬೋರ್ಡ್ ಆಟದ ಕೆಫೆ ತಲೆಗಿಷ್ಟು ಅಂತ ತೆಗೆದುಕೊಂಡೇ ಬೆಳೆಯಿತು. ಅಷ್ಟು ದೂರ ಯಾಕೆ, ನಮ್ಮೂರುಗಳ ಸ್ನೂಕರ್ ಪಾರ್ಲರಿನಲ್ಲಿ ಗಂಟೆಗಿಷ್ಟು ಅಂತ ಟೇಬಲ್ ಚಾರ್ಜ್ ಕೊಡದೆ ಕೋಲು ಮುಟ್ಟಿದವರಿದ್ದಾರೆಯೇ?

ಮೊದಲ ಕೆಲಸ ಲೆಕ್ಕ. ಟೇಬಲ್ ಎಷ್ಟು ಅಂತಲ್ಲ, ಕುರ್ಚಿ ಎಷ್ಟು ಗಂಟೆ ತುಂಬಿತ್ತು ಅಂತ ನೋಡಿ. ನಾಲ್ಕು ಕುರ್ಚಿಯ ಟೇಬಲ್ಲಿನಲ್ಲಿ ಇಬ್ಬರೇ ಚೆಸ್ ಆಡುತ್ತ ಮೂರು ಗಂಟೆ ಕೂತರೆ ಅದು ಆರು ಕುರ್ಚಿ-ಗಂಟೆ. ಒಂದು ನೋಟ್‌ಬುಕ್ಕಿನಲ್ಲಿ ಗಂಟೆಗೊಮ್ಮೆ ಎಣಿಸಿ ಬರೆದರೆ ಸಾಕು. ಆದರೆ ಒಂದೇ ತಿಂಗಳು ಎಣಿಸಿ ದರ ಕಟ್ಟಬೇಡಿ. ನಾನು ಜುಲೈನಲ್ಲಿ ಎಣಿಸಿದೆ, 910 ಬಂತು. ಕೊಡಗಿನ ಜುಲೈ ಗೊತ್ತಲ್ಲ, ಹೊರಗೆ ಎಲ್ಲೂ ಹೋಗಲಾಗದು, ಮನೆಯೊಳಗೆ ಕರೆಂಟಿಲ್ಲ. ಜಿಲ್ಲಾಧಿಕಾರಿ ಮಳೆ ರಜೆ ಅಂದ ಅರ್ಧ ಗಂಟೆಗೆ ನನ್ನ ಮೆಟ್ಟಿಲ ಮೇಲೆ ರೇನ್‌ಕೋಟು ಸಾಲು. ಅದೇ ಏಪ್ರಿಲ್‌ನಲ್ಲಿ ಕೊಡವ ಮನೆತನಗಳ ಕೌಟುಂಬಿಕ ಹಾಕಿ ಪಂದ್ಯಾವಳಿ ಶುರುವಾಗಿ ಊರಿಗೆ ಊರೇ ಮೈದಾನದಲ್ಲಿದ್ದಾಗ 310. ಕಾಫಿ ಕೊಯ್ಲಿನ ದಿನಗಳಲ್ಲಿ ದೊಡ್ಡವರ ಸುಳಿವೇ ಇಲ್ಲ, ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಿಗೆ ನಾನೇ ಬಾಗಿಲು ಹಾಕುತ್ತೇನೆ. ವರ್ಷವಿಡೀ ಎಣಿಸಿದ ಮೇಲೆ ತಿಂಗಳಿಗೆ ಸರಾಸರಿ 560 ಅಂತ ತಿಳಿಯಿತು.

ಇನ್ನು ಖರ್ಚು. ಬಾಡಿಗೆಯಲ್ಲಿ ಮಹಡಿಯ ಪಾಲು 6,500. ಕರೆಂಟ್ ಮತ್ತು ಇನ್ವರ್ಟರ್ ಬ್ಯಾಟರಿಗೆ ಎತ್ತಿಡುವುದು 2,000. ಮೇಲೆ ನೋಡಿಕೊಳ್ಳುವ ಹುಡುಗಿಯ ಸಂಬಳದಲ್ಲಿ ಅರ್ಧ 4,500. ಹರಿದ ಕಾರ್ಡ್, ಕಳೆದ ದಾಳ, ಕೇರಂ ಪೌಡರ್ ಎಲ್ಲ ಸೇರಿ 1,500. ಒಟ್ಟು 14,500. ಅದನ್ನು 560ರಿಂದ ಭಾಗಿಸಿದರೆ ಒಂದು ಕುರ್ಚಿ ಒಂದು ಗಂಟೆಗೆ ನನಗೆ 26 ರೂಪಾಯಿ ಬೀಳುತ್ತದೆ. ಇದು ಗೊತ್ತಿದ್ದರೆ "ಸುಮ್ಮನೆ ಕೂರೋದಕ್ಕೆ ನಿಂಗೇನು ಖರ್ಚು" ಅನ್ನುವವರೆದುರು ತಡವರಿಸಬೇಕಾಗಿಲ್ಲ. ಆದರೆ ಅಷ್ಟೂ ದುಡ್ಡು ಕುರ್ಚಿಯಿಂದಲೇ ಹುಟ್ಟಬೇಕೆಂಬ ಹಠ ಬೇಡ. ನನಗೆ ಮುಕ್ಕಾಲು ಪಾಲು ಹುಟ್ಟುತ್ತದೆ, ಉಳಿದದ್ದು ಕೆಳಗಿನ ವ್ಯಾಪಾರದ್ದು.

ಹಾಗಂತ ಗಂಟೆಗೆ 26 ಅಂತ ಬೋರ್ಡ್ ಬರೆಯಬೇಡಿ. ಗಂಟೆ ಲೆಕ್ಕ ಸ್ನೂಕರಿಗೆ ಸರಿ, ಕಟಾನ್‌ಗೆ ಅಲ್ಲ. ಅದು ಒಂದರಿಂದ ಒಂದೂವರೆ ಗಂಟೆಯ ಆಟ, ಹೊಸಬರಿಗೆ ಎರಡೂ ಆದೀತು. ಗಂಟೆ ಲೆಕ್ಕ ಇಟ್ಟಿದ್ದಾಗ ಹುಡುಗರು ಗೋಡೆ ಗಡಿಯಾರ ನೋಡಿಕೊಂಡೇ ದಾಳ ಹಾಕುತ್ತಿದ್ದರು. ಯೋಚಿಸಿ ಆಡುವವನಿಗೆ ಉಳಿದ ಮೂವರ ಬೈಗುಳ. ಈಗ ಅರ್ಧ ದಿನದ ಲೆಕ್ಕ. ಬೆಳಿಗ್ಗೆ ಹತ್ತರಿಂದ ಎರಡು, ಮೂರರಿಂದ ಎಂಟು. ತಲೆಗೆ 50, ಸೋಮವಾರದಿಂದ ಶುಕ್ರವಾರ ವಿದ್ಯಾರ್ಥಿಗಳಿಗೆ 30. ಹೆಚ್ಚಿನವರು ಎರಡು ಗಂಟೆ ಕೂತು ಏಳುತ್ತಾರಾದ್ದರಿಂದ ಲೆಕ್ಕ ತೀರಾ ತಪ್ಪುವುದಿಲ್ಲ. ಕೇರಂಗೆ ಮಾತ್ರ ತಲೆ ಲೆಕ್ಕವಿಲ್ಲ, ಇಬ್ಬರಾಡಲಿ ನಾಲ್ವರಾಡಲಿ ಬೋರ್ಡಿಗೆ ಗಂಟೆಗೆ 60. ಅಂದಹಾಗೆ ಕೇರಂ ಬೋರ್ಡನ್ನು ಕಾರ್ಡ್ ಆಟದ ಟೇಬಲ್ ಪಕ್ಕ ಹಾಕಬೇಡಿ. ಆ ಪೌಡರ್ ಗಾಳಿಗೆ ಹಾರಿ ಕಾರ್ಡಿನ ಮೇಲೆ ಕೂತರೆ ಕಲಸುವುದಕ್ಕೇ ಬರುವುದಿಲ್ಲ.

ಈಗ ಕೇಳುವ ಬಗೆ. ಮಾವನ ಪ್ರಸಂಗ ಆದ ಮೇಲೆ ನಾನು ಬೋರ್ಡ್ ಕಿತ್ತು, ಬಾಗಿಲಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ ಇಟ್ಟೆ, ಇಷ್ಟವಿದ್ದಷ್ಟು ಹಾಕಿ ಅಂತ. ತಿಂಗಳ ಕೊನೆಗೆ 340 ರೂಪಾಯಿ, ಒಂದು ಅಂಗಿ ಗುಂಡಿ, ಎರಡು ಬಸ್ ಟಿಕೆಟ್ ಇದ್ದವು. ಆಮೇಲೆ ಆಟ ಮುಗಿಸಿ ಹೋಗುವಾಗ ಕೇಳಿ ನೋಡಿದೆ, ಅದು ಇನ್ನೂ ಕಷ್ಟ. ಬಂದವರಿಗೆ ಕೂತ ಕೂಡಲೇ ಒಂದು ಲೋಟ ಬೆಲ್ಲದ ಕಾಫಿ ಕೊಡುವುದು ನನ್ನ ಅಭ್ಯಾಸ. ಕಾಫಿ ಕೊಟ್ಟ ಮೇಲೆ ಅವರು ನೆಂಟರಾದರು. ನೆಂಟರಿಗೆ ಎದ್ದು ಹೋಗುವಾಗ ಬಿಲ್ ಕೊಡುವುದುಂಟೇ? ಕೊಟ್ಟವಳಿಗೂ ನಾಚಿಕೆ, ತೆಗೆದುಕೊಂಡವರಿಗೂ ಮುಜುಗರ.

ಒಂದು ದಿನ ಮೇಲಿನ ಹುಡುಗಿ ಗೊತ್ತಿಲ್ಲದೆಯೇ ಈ ಕ್ರಮವನ್ನು ತಿರುಗುಮುರುಗು ಮಾಡಿದಳು. ಹಾಲು ಒಡೆದಿತ್ತೋ ಏನೋ, ಕಾಫಿ ತಡವಾಯಿತು. ಅಷ್ಟರಲ್ಲಿ ಅವಳು ಚೀಟಿ ಹರಿದು ದುಡ್ಡು ತೆಗೆದುಕೊಂಡಿದ್ದಳು. ಯಾರೂ ಕಿರಿಕಿರಿ ಮಾಡಲಿಲ್ಲ. ಅಂದಿನಿಂದ ಅದೇ ಕ್ರಮ. ಮೆಟ್ಟಿಲು ಹತ್ತಿದ ಕೂಡಲೇ ಕೌಂಟರ್, ಮೊದಲು ಚೀಟಿ, ಆಮೇಲೆ ಛತ್ರಿ ಬಕೆಟ್ಟಿಗೆ, ಆಮೇಲೆ ಕುರ್ಚಿ, ಕೊನೆಗೆ ಕಾಫಿ. ಬೋರ್ಡಿನಲ್ಲಿ ಬರೆದಿರುವುದು ಇಷ್ಟೇ: "ಅರ್ಧ ದಿನಕ್ಕೆ 50 ರೂ. ಕಾಫಿ ಇದರಲ್ಲೇ." ಕಾಫಿಗೆ ಬೇರೆ ದುಡ್ಡು ಇಟ್ಟರೆ ನೂರು ರೂಪಾಯಿ ಹೆಚ್ಚು ಹುಟ್ಟೀತು, ಆದರೆ ಆಗ ನಾನು ಕೊಡುವುದು ಅಂತ ಏನೂ ಉಳಿಯುವುದಿಲ್ಲ. ಇದೊಂದರಲ್ಲಿ ನಾನು ಲೆಕ್ಕ ನೋಡುವುದಿಲ್ಲ. ತಿನ್ನುವುದು ಕುಡಿಯುವುದು ಕೊಡುವುದಾದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ಮರೆಯಬೇಡಿ.

ಹತ್ತಿರದವರಿಗೆ ಇನ್ನೊಂದು ದಾರಿ ತಿಂಗಳ ಕಾರ್ಡ್. 400 ರೂಪಾಯಿ, ಹನ್ನೆರಡು ಸಲ ಪಂಚ್. ದಿನಾ ಮಗುವಿನ ಕೈಯಿಂದ 30 ರೂಪಾಯಿ ಕೇಳುವಾಗ ಆಗುವ ಮುಜುಗರ, ಅದರ ಅಪ್ಪ ತಿಂಗಳಿಗೊಮ್ಮೆ ನೋಟು ಕೊಟ್ಟು ಹೋಗುವಾಗ ಆಗುವುದಿಲ್ಲ. ಮಾವನಿಗೆ ಒಂದು ಕಾರ್ಡ್ ತೆಗೆದಿಟ್ಟು, ಮೊಮ್ಮಗನ ಹೆಸರು ಬರೆದು ಕೊಟ್ಟೆ. "ಇದು ಕ್ಲಬ್ಬಿನ ಹಾಗೆ" ಅಂದರು, ಮೆಂಬರ್‌ಶಿಪ್ ಅಂದರೆ ಅವರಿಗೆ ಗೌರವದ ವಿಷಯ. ಯಾರಿಗಾದರೂ ಬಿಟ್ಟಿ ಕೊಡಲೇಬೇಕು ಅನಿಸಿದರೆ ನೀವೇ ಗಲ್ಲಾಕ್ಕೆ ದುಡ್ಡು ಹಾಕಿ ಚೀಟಿ ಹರಿಯಿರಿ. ಎದುರಿಗೆ ನಿಂತವರಿಗೆ ಚೀಟಿ ಹರಿದ ಸದ್ದು ಕೇಳಿಸಬೇಕು.

50ರಲ್ಲಿ 20 ರೂಪಾಯಿ ಕೂಪನ್ ಆಗಿ ವಾಪಸ್ ಕೊಡುತ್ತೇನೆ, ಆ ತಿಂಗಳೊಳಗೆ ಕೆಳಗಿನ ಅಂಗಡಿಯಲ್ಲಿ ಏನು ಬೇಕಾದರೂ ಕೊಳ್ಳಬಹುದು. ಫೋನಿನಲ್ಲಿ ಆರ್ಡರ್ ಮಾಡುವವರ ಕೈ ತಡೆಯುವುದಕ್ಕೆ ಇದೊಂದೇ ಉಪಾಯ ನನಗೆ ಹೊಳೆದದ್ದು. ಮೊದಲ ತಿಂಗಳು ಮಿತಿ ಇಟ್ಟಿರಲಿಲ್ಲ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಉಳಿದವರು ಟೇಬಲ್ ಮೇಲೆ ಬಿಟ್ಟುಹೋದ ಕೂಪನ್ ಎಲ್ಲ ಆರಿಸಿ 31 ಕೂಡಿಹಾಕಿ, 650 ರೂಪಾಯಿಯ ಆಟವನ್ನು 30 ರೂಪಾಯಿಗೆ ಒಯ್ದ. ಕೊಡದೆ ಹೇಗಿರಲಿ, ನಿಯಮ ಬರೆದವಳು ನಾನೇ. ಈಗ 200 ರೂಪಾಯಿ ವ್ಯಾಪಾರಕ್ಕೆ ಒಂದೇ ಕೂಪನ್. ಆಟದ ಸಾಮಾನಿನಲ್ಲಿ ನನಗೆ ಸಿಗುವುದು ನೂರಕ್ಕೆ ಇಪ್ಪತ್ತು, ಅಂದರೆ 200ಕ್ಕೆ 40. ಅದರಲ್ಲಿ 20 ಹೋದರೂ 20 ಉಳಿಯುತ್ತದೆ. ನಿಮ್ಮ ಮಾರ್ಜಿನ್ ನೋಡಿಕೊಂಡು ಮಿತಿ ಹಾಕಿ. ಆ ಹುಡುಗ ಈಗ ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡಿದ್ದಾನೆ.

ಶನಿವಾರ ಭಾನುವಾರ ಬೆಂಗಳೂರಿನವರು ಬರುತ್ತಾರೆ. ರಾಜಾಸೀಟಿನಲ್ಲಿ ಮಂಜು ಬಿಟ್ಟು ಏನೂ ಕಾಣಲಿಲ್ಲ ಅಂತ ಇಲ್ಲಿ ಬಂದು ಕೂರುವವರು. ನೂರು ಅಂದರೂ ಮಾತಿಲ್ಲದೆ ಕೊಡುತ್ತಾರೆ. ಅವರಿಗೊಂದು ದರ, ಊರವರಿಗೊಂದು ದರ ಇಡುವ ಆಸೆ ನನಗೂ ಆಗಿತ್ತು. ಬೇಡ. ಒಂದೇ ಟೇಬಲ್ಲಿನಲ್ಲಿ ಕೂತ ಇಬ್ಬರು ಚೀಟಿ ಹೋಲಿಸಿದರೆ ಮುಗಿಯಿತು. ಶನಿವಾರ ಭಾನುವಾರ ಎಲ್ಲರಿಗೂ 50, ವಿದ್ಯಾರ್ಥಿ ದರ ಇಲ್ಲ, ತಿಂಗಳ ಕಾರ್ಡ್ ನಡೆಯುತ್ತದೆ. ಊರಿನ ಮಕ್ಕಳಲ್ಲೇ ಕಾರ್ಡ್ ಇರುವುದರಿಂದ ಬೇಕಾದದ್ದು ತಾನಾಗಿಯೇ ಆಗುತ್ತದೆ.

ಕಾನೂನಿನ ಎರಡು ಮಾತು. ಒಂದು, ಜಿಎಸ್‌ಟಿ. ಬರೀ ಸಾಮಾನು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಬೇಡ. ಕುರ್ಚಿಗೆ ದುಡ್ಡು ತೆಗೆದುಕೊಂಡರೆ ಅದು ಸೇವೆ. ಆಗ ನೀವು ಬರೀ ಸಾಮಾನು ಮಾರುವವರಲ್ಲ, ಮಿತಿ 20 ಲಕ್ಷಕ್ಕೆ ಇಳಿಯುತ್ತದೆ, ಅದೂ ಒಟ್ಟು ವಹಿವಾಟಿಗೆ. 30 ಲಕ್ಷದ ಪುಸ್ತಕ ಪೆನ್ನು ಮಾರುತ್ತಿದ್ದವರು ನಾಲ್ಕು ಟೇಬಲ್ ಹಾಕಿ ಸಿಕ್ಕಿಬೀಳಬಹುದು. ಟೇಬಲ್ ಕೊಳ್ಳುವ ಮೊದಲೇ ಲೆಕ್ಕ ಬರೆಯುವವರನ್ನು ಕೇಳಿ.

ಎರಡು, ಜೂಜು. ಮಳೆಗಾಲದಲ್ಲಿ "ಒಂದು ಟೇಬಲ್ ಕೊಡು, ನಾವು ನಾಲ್ಕೇ ಜನ" ಅಂತ ಇಸ್ಪೀಟ್ ಕಟ್ಟು ಜೇಬಿನಲ್ಲಿಟ್ಟುಕೊಂಡು ಬರುವವರು ಇದ್ದೇ ಇರುತ್ತಾರೆ. 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಕೇಸಿನಲ್ಲಿ ಸುಪ್ರೀಂ ಕೋರ್ಟು, ರಮ್ಮಿ ಮುಖ್ಯವಾಗಿ ಕೌಶಲದ ಆಟ, ಇಸ್ಪೀಟಿನ ಎಲೆ ಒದಗಿಸಿದ್ದಕ್ಕೆ ಮಿತವಾದ ಶುಲ್ಕ ತೆಗೆದುಕೊಂಡ ಮಾತ್ರಕ್ಕೆ ಕ್ಲಬ್ಬು ಜೂಜಿನ ಅಡ್ಡೆಯಾಗುವುದಿಲ್ಲ ಅಂದಿತು. ಇದನ್ನು ಹೇಳಿಕೊಂಡು ಬರುವ ಜಾಣರೂ ಇದ್ದಾರೆ. ಆದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ, ಜೂಜು ನಡೆಯುವ ಜಾಗ ಕೊಟ್ಟು ಅದರ ಬಳಕೆಗೆ ಶುಲ್ಕ ತೆಗೆದುಕೊಳ್ಳುವವರೂ ಸಿಕ್ಕಿಬೀಳುತ್ತಾರೆ. ನಾವು ತೆಗೆದುಕೊಳ್ಳುವುದು ಅದೇ ಶುಲ್ಕವಲ್ಲವೇ? ಟೇಬಲ್ ಮೇಲೆ ಒಂದು ರೂಪಾಯಿ ಪಣ ಕಂಡರೂ ಎಬ್ಬಿಸುತ್ತೇನೆ, ಮಾವಂದಿರಾದರೂ ಸರಿ. ಸ್ನೂಕರಿನಲ್ಲಿ ಸೋತವನೇ ಟೇಬಲ್ ಕಟ್ಟುವ ರೂಢಿ ಉಂಟು, ನಮ್ಮಲ್ಲಿ ಅದೂ ಇಲ್ಲ. ಅವರವರ ಚೀಟಿ ಅವರವರದು. ಇಲ್ಲದಿದ್ದರೆ ಯಾವಾಗಲೂ ಚಿಕ್ಕ ಹುಡುಗನೇ ನಾಲ್ವರದನ್ನೂ ಕಟ್ಟುತ್ತಾನೆ.

ದುಡ್ಡು ತೆಗೆದುಕೊಂಡ ಮೇಲೆ ಆಟ ಸರಿಯಾಗಿರಬೇಕು. ಬಿಟ್ಟಿ ಆಡುವಾಗ ದಾಳವಿಲ್ಲದಿದ್ದರೆ ನಗುತ್ತಾರೆ, 50 ಕೊಟ್ಟವರು ಕೇಳುತ್ತಾರೆ. ಇಲ್ಲಿ ದೊಡ್ಡ ಶತ್ರು ತೇವ. ಕಾರ್ಡ್ ಬಾಗುತ್ತದೆ, ಬೋರ್ಡ್ ಉಬ್ಬುತ್ತದೆ, ಪೆಟ್ಟಿಗೆಗೆ ಬೂಷ್ಟು. ಮನೆಯಲ್ಲಿ ಬಟ್ಟೆ ಬೀರುವಿಗೆ ಬಲ್ಬ್ ಹಾಕುತ್ತೇವಲ್ಲ, ಆಟದ ಕಪಾಟಿಗೂ ಹಾಗೇ ಒಂದು 40 ವ್ಯಾಟಿನ ಹಳೇ ಬಲ್ಬ್ ಹಾಕಿ. ಎಲ್‌ಇಡಿ ಬೇಡ, ನಮಗೆ ಬೇಕಾದದ್ದು ಬಿಸಿ. ಹೆಚ್ಚು ಕಲಸುವ ಕಾರ್ಡಿಗೆ ಪ್ಲಾಸ್ಟಿಕ್ ಕವಚ. ಕರೆಂಟ್ ಹೋಗಿ ಇನ್ವರ್ಟರೂ ಮಲಗಿದರೆ ಆ ಚೀಟಿ ಇನ್ನೊಂದು ದಿನಕ್ಕೆ ನಡೆಯುತ್ತದೆ ಅಂತ ಮೊದಲೇ ಬರೆದಿಡಿ.

ಬಿಡಿಭಾಗ ಕಳೆಯುತ್ತಲೇ ಇರುತ್ತವೆ. ಪೆಟ್ಟಿಗೆಯನ್ನು ಅಡುಗೆ ತಕ್ಕಡಿಯಲ್ಲಿ ತೂಗಿ, ಮುಚ್ಚಳದೊಳಗೆ ತೂಕ ಬರೆದು, ವಾಪಸ್ ಬಂದಾಗ ಹೋಲಿಸುವ ಜಾಣತನ ಮಾಡಿ ನೋಡಿದೆ. ಮಾರ್ಚ್‌ವರೆಗೆ ಚೆನ್ನಾಗಿ ನಡೆಯಿತು. ಜೂನ್ ಕೊನೆಗೆ ರಟ್ಟು ತೇವ ಕುಡಿದು ಎಲ್ಲ ಪೆಟ್ಟಿಗೆಯೂ ಮೊದಲಿಗಿಂತ ಹೆಚ್ಚು ತೂಗತೊಡಗಿದವು, ಎರಡು ಕಾಯಿ ಕಳೆದ ಪೆಟ್ಟಿಗೆ ಕೂಡ. ಈಗ ಎಣಿಕೆ, ಅದನ್ನೂ ಆಡಿದವರೇ ಎಣಿಸಬೇಕು. ಕೇರಂಗೆ ರಾಣಿ ಸೇರಿ 19 ಕಾಯಿ. ಕಟಾನ್‌ನಲ್ಲಿ ಒಂದೊಂದು ಬಣ್ಣಕ್ಕೆ 15 ರಸ್ತೆ, 5 ಹಳ್ಳಿ, 4 ಪಟ್ಟಣ, ನಾಲ್ಕು ಬಣ್ಣಕ್ಕೆ 96. ಎಂಟಕ್ಕೆ ಹತ್ತು ನಿಮಿಷವಿರುವಾಗ ಹುಡುಗರು ಜೋರಾಗಿ ಎಣಿಸಲು ಶುರುಮಾಡುತ್ತಾರೆ. 95ಕ್ಕೆ ನಿಂತರೆ ಎಲ್ಲರೂ ಮೊಣಕಾಲೂರಿ ಕುರ್ಚಿ ಕೆಳಗೆ ತಡಕಾಡುತ್ತಾರೆ, ಕೊನೆಯ ಬಸ್ಸಿಗೆ ಹೋಗಬೇಕಾದವನು ಎಲ್ಲರಿಗಿಂತ ಮುಂದೆ.