1/144 ವಿಮಾನಕ್ಕೆ ಡೆಕಾಲ್ ಕೂರಿಸುವುದು: ಬೆಳ್ಳಿ ಮಚ್ಚೆ, ಸುಕ್ಕು, ಸೊಟ್ಟ ಪಟ್ಟೆ

ಯುದ್ಧವಿಮಾನದ ಮಾಡೆಲ್‌ನಲ್ಲಿ ಡೆಕಾಲ್ (ನೀರಿನಲ್ಲಿ ನೆನೆಸಿ, ಕಾಗದದಿಂದ ಜಾರಿಸಿ ಅಂಟಿಸುವ ತೆಳು ಅಚ್ಚುಚಿತ್ರ) ಸ್ವಲ್ಪ ಕೆಟ್ಟರೂ ಮಸಿ, ಮಣ್ಣು, ಬಣ್ಣ ಉದುರಿದ ಗುರುತು ಅಂತ ಏನಾದರೂ ಹಚ್ಚಿ ಮುಚ್ಚಿಬಿಡಬಹುದು. ಪ್ರಯಾಣಿಕರ ವಿಮಾನದಲ್ಲಿ ಆ ಆಟ ನಡೆಯುವುದಿಲ್ಲ. ಹೊಳೆಯುವ ಬಿಳಿ ಒಡಲು, ಮೂಗಿನಿಂದ ಬಾಲದವರೆಗೆ ಒಂದೇ ಪಟ್ಟೆ, ಅದರ ಮೇಲೆ ಸಾಲು ಕಿಟಕಿ. 1/144 ಅಳತೆಯಲ್ಲಿ ಮಾಡೆಲ್ ಮೇಲಿನ 1 ಮಿ.ಮೀ. ಅಂದರೆ ನಿಜವಾದ ವಿಮಾನದ ಮೇಲೆ 14.4 ಸೆಂ.ಮೀ. ಅರ್ಧ ಮಿಲಿಮೀಟರ್ ಓರೆಯಾದರೂ ಕಣ್ಣಿಗೆ ಹೊಡೆಯುತ್ತದೆ. ನಾನು ಡೆಕಾಲ್ ಕೆಲಸಕ್ಕೆ ಕೊಡುವ ಸಮಯದಲ್ಲಿ ಹೆಚ್ಚಿನ ಪಾಲು ಹಾಳೆ ನೀರಿಗೆ ಬೀಳುವ ಮುಂಚೆಯೇ ಖರ್ಚಾಗಿರುತ್ತದೆ.

ಮೊದಲು ಕಿಟಕಿ. ಕಿಟ್‌ನಲ್ಲಿ ಕಿಟಕಿಗಳಿಗೆ ತೂತು ಬಿಟ್ಟಿರುತ್ತಾರೆ, ಡೆಕಾಲ್ ಹಾಳೆಯಲ್ಲೂ ಕಿಟಕಿ ಅಚ್ಚಾಗಿರುತ್ತದೆ. ಎರಡೂ ಒಂದಕ್ಕೊಂದು ಹೊಂದುವುದು ಅಪರೂಪ. ಬೋಯಿಂಗ್ 737ರಲ್ಲಿ ಕಿಟಕಿಯಿಂದ ಕಿಟಕಿಗೆ 20 ಇಂಚು, 1/144ರಲ್ಲಿ ಅದು ಸುಮಾರು 3.53 ಮಿ.ಮೀ. ಏರ್‌ಬಸ್ ಎ320ರಲ್ಲಿ 21 ಇಂಚು, ಸುಮಾರು 3.7 ಮಿ.ಮೀ. ಅಚ್ಚಿನಲ್ಲಿ ಶೇಕಡಾ ಒಂದರಷ್ಟು ಹೆಚ್ಚುಕಮ್ಮಿ ಇದ್ದರೂ ಮೂವತ್ತು ಕಿಟಕಿ ದಾಟುವ ಹೊತ್ತಿಗೆ 1 ಮಿ.ಮೀ. ಜಾರಿರುತ್ತದೆ. ಆದ್ದರಿಂದ ನಾನು ತೂತುಗಳನ್ನೆಲ್ಲ ಮುಚ್ಚಿ ಡೆಕಾಲ್ ಕಿಟಕಿಯನ್ನೇ ನಂಬುತ್ತೇನೆ. ಮುಚ್ಚುವ ಮುಂಚೆ ಒಂದು ಕೆಲಸ ಮರೆಯಬಾರದು: ಒಡಲಿನ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ, ಕಿಟಕಿ ಸಾಲಿನ ಮೇಲಂಚು, ಮೊದಲನೆಯ ಮತ್ತು ಕೊನೆಯ ಕಿಟಕಿ, ಬಾಗಿಲುಗಳ ಹೊಸ್ತಿಲು ಎಲ್ಲವನ್ನೂ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಆ ಟೇಪನ್ನು ಬಿಡಿಸಿ ಒಂದು ಪ್ಲಾಸ್ಟಿಕ್ ಹಾಳೆಗೆ ಅಂಟಿಸಿಟ್ಟುಕೊಳ್ಳಬೇಕು. ಪುಟ್ಟಿ ತುಂಬಿ ಉಜ್ಜಿದ ಮೇಲೆ ಒಡಲು ಬೋಳು ಕೊಳವೆ. ಸಾಲು ಎಲ್ಲಿತ್ತು ಅಂತ ಹೇಳಲು ಬೇರೆ ಸಾಕ್ಷಿ ಇರುವುದಿಲ್ಲ. ಪುಟ್ಟಿ ಒಣಗುತ್ತಾ ಕುಗ್ಗುತ್ತದೆ, ಹಾಗಾಗಿ ಎರಡು ಸಲ ತುಂಬಿ, ನಡುವೆ ಒಂದು ದಿನ ಬಿಡಬೇಕು. ಅವಸರ ಮಾಡಿದರೆ ಹೊಳಪಿನ ಬಣ್ಣ ಒಣಗಿದ ಮೇಲೆ ಹಳೆಯ ಕಿಟಕಿಗಳ ತಗ್ಗು ಸಾಲಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಇನ್ನು ಬೆಳ್ಳಿ ಮಚ್ಚೆ, ಅಂದರೆ ಸಿಲ್ವರಿಂಗ್. ಡೆಕಾಲ್‌ನ ಪಾರದರ್ಶಕ ಪದರದ ಕೆಳಗೆ ಗಾಳಿ ಸಿಕ್ಕಿಕೊಂಡು ಬೂದಿ ಬಳಿದ ಹಾಗೆ ಕಾಣುವುದು ಇದೇ. ಎಷ್ಟೋ ಜನ ಇದಕ್ಕೆ ಡೆಕಾಲ್ ಹಾಳೆಯನ್ನು ಬೈಯುತ್ತಾರೆ. ತಪ್ಪು ಬಹುಮಟ್ಟಿಗೆ ಬಣ್ಣದ್ದು. ಮ್ಯಾಟ್ ಬಣ್ಣದ ಮೇಲ್ಮೈ ಸೂಕ್ಷ್ಮವಾಗಿ ನೋಡಿದರೆ ಉಜ್ಜುಕಾಗದದ ಹಾಗೆ ತರಿತರಿ. ಡೆಕಾಲ್ ಪದರ ಆ ಉಬ್ಬುಗಳ ತುದಿಯ ಮೇಲೆ ಮಾತ್ರ ಕೂರುತ್ತದೆ, ತಗ್ಗಿನಲ್ಲಿ ಗಾಳಿ ಉಳಿಯುತ್ತದೆ, ಬೆಳಕು ಅಲ್ಲಿ ಚದುರಿ ಬಿಳುಪಾಗಿ ಕಾಣುತ್ತದೆ. ಪ್ರೈಮರ್‌ನ ಮೇಲೆ ಬಿದ್ದ ಧೂಳು, ಏರ್‌ಬ್ರಷ್‌ನಿಂದ ಒಣಗಿ ಬಿದ್ದ ಬಣ್ಣದ ಪುಡಿ ಕೂಡ ಇದನ್ನೇ ಮಾಡುತ್ತವೆ.

ಬಿಳಿಗೆ ನಾನು ಬಳಸುವುದು ಟಾಮಿಯಾ ಟಿಎಸ್-26, ಪ್ಯೂರ್ ವೈಟ್. ಅದು ಸ್ವತಃ ಹೊಳಪಿನ ಲ್ಯಾಕರ್, ಚೆನ್ನಾಗಿ ಬಿದ್ದರೆ ಮೇಲೆ ಬೇರೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ, ಬೇಕಿಲ್ಲ. ಎರಡು ತೆಳು ಪದರ, ಆಮೇಲೆ ಒಂದು ತುಸು ಒದ್ದೆ ಪದರ. ಎರಡು ದಿನ ಒಣಗಲು ಬಿಟ್ಟು, ಧೂಳಿನ ಕಣಗಳನ್ನು 2000 ನಂಬರಿನ ಉಜ್ಜುಕಾಗದದಿಂದ ನೀರು ಹಾಕಿ ತೆಗೆದು, 4000, 6000ದಲ್ಲಿ ಹೊಳಪು ಮರಳಿಸುತ್ತೇನೆ. ಅಕ್ರಿಲಿಕ್ ಬಣ್ಣ ಬಳಿದಿದ್ದರೆ ಟಾಮಿಯಾದ್ದೇ ಎಕ್ಸ್-22 ಕ್ಲಿಯರನ್ನು ಲ್ಯಾಕರ್ ಬಗೆಯ ಥಿನ್ನರ್‌ನಲ್ಲಿ ಸಮಸಮ ಬೆರೆಸಿ ಹೊಡೆಯುತ್ತೇನೆ. ಅಕ್ರಿಲಿಕ್ ನೆಲದ ಪಾಲಿಶ್ ಬಳಸುವವರೂ ಇದ್ದಾರೆ, ಅದೂ ಒಳ್ಳೆಯದೇ. ಆದರೆ ಅಮೋನಿಯಾ ಇರುವ ಗಾಜಿನ ಕ್ಲೀನರ್ ತಗುಲಿದರೆ ಅದು ಕರಗಿಹೋಗುತ್ತದೆ, ಅದರಿಂದ ಮಾಡೆಲ್ ಒರೆಸಬಾರದು. ಹೊಳಪು ಸಾಕೋ ಇಲ್ಲವೋ ಎಂಬುದಕ್ಕೆ ನನ್ನ ಪರೀಕ್ಷೆ ಒಂದೇ: ಒಡಲನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಪ್ರತಿಬಿಂಬದ ಅಂಚು ಗೆರೆ ಎಳೆದ ಹಾಗಿರಬೇಕು. ಅಂಚು ಮಂಜಾಗಿದ್ದರೆ ಡೆಕಾಲ್ ಹಾಳೆಯನ್ನು ಮುಟ್ಟುವುದಿಲ್ಲ.

ಹಾಳೆ ಯಾವ ಬಗೆಯದು ಅಂತ ತಿಳಿಯದೆ ಕತ್ತರಿ ಹಾಕಬಾರದು. ಸ್ಕ್ರೀನ್ ಪ್ರಿಂಟ್ ಹಾಳೆಯಲ್ಲಿ ಪ್ರತಿ ಚಿತ್ರದ ಸುತ್ತ ಅದರದೇ ಪಾರದರ್ಶಕ ಪದರ ಇರುತ್ತದೆ. ಲೇಸರ್‌ನಲ್ಲಿ ಅಚ್ಚಾದ ಹಾಳೆಯಲ್ಲಿ ಆ ಪದರ ಇಡೀ ಹಾಳೆಗೆ ಒಂದೇ. ಅಂಚಿಗೆ ಒತ್ತಿ ಕತ್ತರಿಸದಿದ್ದರೆ ಅಕ್ಷರದ ಸುತ್ತ ಚೌಕ ಕಾಣುತ್ತದೆ. ಮಾಮೂಲಿ ಲೇಸರ್ ಪ್ರಿಂಟರ್ ಬಿಳಿಯನ್ನು ಅಚ್ಚು ಮಾಡುವುದಿಲ್ಲ, ಉಳಿದ ಬಣ್ಣಗಳೂ ಅರೆಪಾರದರ್ಶಕ. ಬಿಳಿ ಒಡಲಿನ ಮೇಲೆ ಅವು ಸೊಗಸಾಗಿ ಕಾಣುತ್ತವೆ, ಬೂದು ಅಥವಾ ಲೋಹದ ಬಣ್ಣದ ಮೇಲೆ ಕೊಳೆಯಾಗುತ್ತವೆ. ಅಂಥ ಕಡೆ ಪಟ್ಟೆ ಬೀಳುವ ಜಾಗಕ್ಕಷ್ಟೇ ಮೊದಲು ಬಿಳಿ ಹೊಡೆಯಬೇಕು. ಆಲ್ಪ್ಸ್ ಪ್ರಿಂಟರ್‌ನ ಹಾಳೆಗಳಲ್ಲಿ ಬಿಳಿ ಇರುತ್ತದೆ, ಆದರೆ ಶಾಯಿ ಉಗುರು ತಾಗಿದರೂ ಕೆರೆದುಹೋಗುತ್ತದೆ. ನೀರಿಗೆ ಹಾಕುವ ಮುಂಚೆ ಒಂದು ತೆಳು ಕ್ಲಿಯರ್ ಪದರ ಕೊಡುವುದು ಕ್ಷೇಮ. ಇಂಕ್‌ಜೆಟ್‌ನಲ್ಲಿ ಮನೆಯಲ್ಲೇ ಅಚ್ಚು ಮಾಡಿದ್ದಾದರೆ ಕ್ಲಿಯರ್ ಪದರವಿಲ್ಲದೆ ನೀರಿಗೆ ಹಾಕಲೇಬಾರದು, ಶಾಯಿ ಕರಗಿ ಹರಿಯುತ್ತದೆ. ಯಾವ ಬಗೆಯದೇ ಆಗಲಿ, ಕತ್ತರಿಸುವ ಮುಂಚೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಹಾಳೆಯನ್ನು ಸ್ಕ್ಯಾನ್ ಮಾಡಿಟ್ಟುಕೊಳ್ಳುತ್ತೇನೆ.

ಹಳೆಯ ಹಾಳೆಯನ್ನು ಪರೀಕ್ಷಿಸದೆ ನಂಬುವಂತಿಲ್ಲ. ಬೇಡದ ಒಂದು ಅಕ್ಷರವನ್ನು ನೀರಿಗೆ ಬಿಟ್ಟು ನೋಡಿ. ಚೂರುಚೂರಾಗಿ ಒಡೆದರೆ ಮೈಕ್ರೋಸ್ಕೇಲ್‌ನವರ ಲಿಕ್ವಿಡ್ ಡೆಕಾಲ್ ಫಿಲ್ಮನ್ನು ಅಗಲ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಒಮ್ಮೆ ಎಳೆದು ಒಣಗಿಸಬೇಕು. ಇದಾದ ಮೇಲೆ ಇಡೀ ಹಾಳೆಗೆ ಒಂದೇ ಪದರ ಬಂದಂತಾಯಿತು, ಲೇಸರ್ ಹಾಳೆಯ ಹಾಗೆಯೇ ಪ್ರತಿಯೊಂದನ್ನೂ ಒತ್ತಿ ಕತ್ತರಿಸಬೇಕು. ಹಳದಿಗಟ್ಟಿದ ಪದರಕ್ಕೆ ಬಿಸಿಲೇ ಮದ್ದು: ಹಾಳೆಯನ್ನು ಕಿಟಕಿ ಗಾಜಿಗೆ, ಅಚ್ಚಿನ ಮುಖ ಹೊರಗೆ ಕಾಣುವಂತೆ ಟೇಪ್ ಹಚ್ಚಿ ಕೆಲವು ದಿನ ಬಿಡುವುದು. ದಿನಾ ನೋಡುತ್ತಿರಬೇಕು, ಬಣ್ಣಗಳೂ ಮಾಸಬಹುದು.

ಕೂರಿಸುವ ಮೂಲ ಕ್ರಮ ಎಲ್ಲರಿಗೂ ಗೊತ್ತಿರುವುದೇ, ನಾನು ಎಲ್ಲಿ ಬೇರೆ ಮಾಡುತ್ತೇನೆ ಅನ್ನುವುದಷ್ಟೇ ಹೇಳುತ್ತೇನೆ. ನೀರು ಉಗುರುಬೆಚ್ಚಗಿರಬೇಕು, ಆದರೆ ನಲ್ಲಿಯ ಗಡಸು ನೀರು ಒಣಗಿದಾಗ ಬಿಳಿ ಕಲೆ ಬಿಡುವುದರಿಂದ ಡಿಸ್ಟಿಲ್ಡ್ ವಾಟರ್ ಬಳಸುತ್ತೇನೆ. ಡೆಕಾಲನ್ನು ನೀರಲ್ಲಿ ಮುಳುಗಿಸಿಟ್ಟು ಕಾಯುವುದಿಲ್ಲ. ಹತ್ತು ಸೆಕೆಂಡ್ ಅದ್ದಿ, ತೆಗೆದು ಟಿಶ್ಯೂ ಮೇಲೆ ಒಂದು ನಿಮಿಷ ಬಿಡುತ್ತೇನೆ. ಮುಳುಗಿಸಿಯೇ ಇಟ್ಟರೆ ಅಂಟೆಲ್ಲ ನೀರಿಗೆ ಹೋಗುತ್ತದೆ, ಆಮೇಲೆ ಅಂಚು ಏಳುತ್ತದೆ. ಮಾಡೆಲ್ ಮೇಲೆ ಡೆಕಾಲ್ ಚೆನ್ನಾಗಿ ಅಂಟಲು ನೆರವಾಗುವ ಮೈಕ್ರೋ ಸೆಟ್ ದ್ರವ ಹಚ್ಚಿ, ಡೆಕಾಲನ್ನು ಬ್ರಷ್ಷಿನಿಂದ ಒತ್ತಿಹಿಡಿದು ಅಡಿಯ ಕಾಗದವನ್ನು ಎಳೆಯುತ್ತೇನೆ. ಡೆಕಾಲನ್ನೇ ಎಳೆದರೆ ಅದು ಹಿಗ್ಗುತ್ತದೆ, ಇಲ್ಲವೇ ಮಡಿಚಿಕೊಳ್ಳುತ್ತದೆ. ಮಡಿಚಿಕೊಂಡರೆ ಚಿಮಟದಿಂದ ಬಿಡಿಸಲು ಹೋಗದೆ, ಮತ್ತೆ ನೀರಿಗೆ ಬಿಟ್ಟು ತೇಲುತ್ತಿರುವಾಗ ಮೆತ್ತನೆಯ ಬ್ರಷ್ಷಿನಿಂದ ಬಿಡಿಸಬೇಕು. ಜಾಗ ಸರಿಹೋದ ಮೇಲೆ ನಡುವಿನಿಂದ ಹೊರಕ್ಕೆ ಒದ್ದೆ ಟಿಶ್ಯೂ ಒತ್ತಿ ನೀರು ಹೊರಡಿಸಿ, ಹತ್ತು ನಿಮಿಷ ಬಿಟ್ಟು ಡೆಕಾಲನ್ನು ಮೆತ್ತಗಾಗಿಸುವ ಮೈಕ್ರೋ ಸೋಲ್ ದ್ರವ.

ಸೋಲ್ ಹಚ್ಚಿದ ಒಂದೆರಡು ನಿಮಿಷಕ್ಕೆ ಡೆಕಾಲ್ ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟುತ್ತದೆ. ಇಲ್ಲಿಯೇ ಹೆಚ್ಚಿನವರು ಎಡವುವುದು. ಕೈ ಹಾಕಬಾರದು. ಆ ಹೊತ್ತಿನಲ್ಲಿ ಪದರ ಮೊಸರಿನ ಕೆನೆಯಷ್ಟು ಮೃದು, ಬ್ರಷ್ ತಗುಲಿದರೂ ಹರಿಯುತ್ತದೆ. ಬಿಟ್ಟರೆ ಒಣಗುತ್ತಾ ತಾನೇ ಬಿಗಿದು ಮಲಗುತ್ತದೆ. ಸಾಲ್ವಸೆಟ್ ಎಂಬ ಇದೇ ಬಗೆಯ ದ್ರವ ಇದಕ್ಕಿಂತ ಬಿರುಸು. ದಪ್ಪ, ಮೊಂಡು ಡೆಕಾಲ್‌ಗೆ ಅದು ಬೇಕು, ಆದರೆ ತೆಳು ಡೆಕಾಲನ್ನು ಕೆಡಿಸಬಲ್ಲದು, ಕೆಲವು ಬಣ್ಣಗಳನ್ನೂ ಕಚ್ಚಬಲ್ಲದು. ಹೊಸ ಹಾಳೆಯಾದರೆ ನಾನು ಮೊದಲು ರೆಕ್ಕೆಯ ಅಡಿಯ ಒಂದು ಸಣ್ಣ ಗುರುತಿನಲ್ಲಿ ಪರೀಕ್ಷಿಸಿ, ಮಾರನೆಯ ದಿನ ಮೇಲಿನ ಕೆಲಸಕ್ಕೆ ಕೈ ಹಾಕುತ್ತೇನೆ.

ಈಗ ಪಟ್ಟೆ, ಅಂದರೆ ಚೀಟ್‌ಲೈನ್. 737-800 ಈ ಅಳತೆಯಲ್ಲಿ 27 ಸೆಂ.ಮೀ. ದಾಟುತ್ತದೆ. ಅಷ್ಟುದ್ದದ ಒದ್ದೆ ಪಟ್ಟೆಯನ್ನು ಒಂದೇ ಸಲಕ್ಕೆ ನೇರವಾಗಿ ಕೂರಿಸುವ ಸಾಹಸ ಬೇಡ. ಮುಂದಿನ ಮತ್ತು ಹಿಂದಿನ ಬಾಗಿಲುಗಳ ಅಂಚಿಗೆ ಸರಿಯಾಗಿ ಕತ್ತರಿಸಿ ಮೂರು ತುಂಡು ಮಾಡುತ್ತೇನೆ. ಬಾಗಿಲಿನ ಗೆರೆ ಕೀಲನ್ನು ಮುಚ್ಚಿಬಿಡುತ್ತದೆ. ಒಡಲಿನ ಮೇಲಿನ ಗುರುತಿಗೆ ಪೆನ್ಸಿಲ್ ಬಳಸಬಾರದು, ಅದರ ಕಪ್ಪು ಡೆಕಾಲ್ ಕೆಳಗೆ ಶಾಶ್ವತವಾಗಿ ಉಳಿಯುತ್ತದೆ, 1 ಮಿ.ಮೀ. ಅಗಲದ ಮಾಸ್ಕಿಂಗ್ ಟೇಪನ್ನು ಎತ್ತಿಟ್ಟ ಅಳತೆಯ ಪ್ರಕಾರ ಎಳೆದು, ಪಟ್ಟೆಯ ಕೆಳಂಚನ್ನು ಅದಕ್ಕೆ ಕೂದಲೆಳೆಯಷ್ಟು ದೂರದಲ್ಲಿ ಕೂರಿಸುತ್ತೇನೆ. ತಗುಲಿಸಿದರೆ ಸೋಲ್ ಟೇಪಿನಡಿಗೆ ಹರಿದು, ಟೇಪ್ ತೆಗೆಯುವಾಗ ಡೆಕಾಲೂ ಬರುತ್ತದೆ. ನಡುವಿನ ತುಂಡು ಮೊದಲು, ಅದು ಪೂರ್ತಿ ಒಣಗಿದ ಮೇಲೆ ಉಳಿದೆರಡು.

ಮೂಗಿನ ತುಂಡೇ ನಿಜವಾದ ತಲೆನೋವು. ಒಡಲು ಕೊಳವೆಯಾಗಿರುವವರೆಗೆ ನೇರ ಪಟ್ಟೆ ನೇರವಾಗಿಯೇ ಹೋಗುತ್ತದೆ. ಮೂಗು ಶಂಕುವಿನ ಹಾಗೆ ಕಿರಿದಾಗತೊಡಗಿದ ಕೂಡಲೇ ಪಟ್ಟೆ ತನ್ನ ಪಾಡಿಗೆ ಮೂಗಿನ ತುದಿಯ ಕಡೆ ಇಳಿಯುತ್ತದೆ. ಬಾಲದಲ್ಲಿ ಹೊಟ್ಟೆ ಮೇಲೇರುವುದರಿಂದ ಅಲ್ಲಿ ಪಟ್ಟೆಯೂ ಮೇಲಕ್ಕೆ ಎಳೆಯುತ್ತದೆ. ಬಲವಂತವಾಗಿ ಅಡ್ಡಕ್ಕೆ ತಂದರೆ ಒಂದು ಅಂಚು ಬಿಗಿದು ಇನ್ನೊಂದು ಅಂಚು ನಿರಿಗೆಗಟ್ಟುತ್ತದೆ. ಯಾವ ಅಂಚಿಗೆ ನಿರಿಗೆ ಬೀಳುತ್ತದೆ ಅಂತ ಮೊದಲೇ ತಿಳಿಯಲು ಸ್ಕ್ಯಾನ್ ಮಾಡಿದ್ದನ್ನು ಕಾಗದದಲ್ಲಿ ಅಚ್ಚು ಹಾಕಿ, ಕತ್ತರಿಸಿ, ಮೂಗಿಗೆ ಸುತ್ತಿ ನೋಡುತ್ತೇನೆ. ಆಮೇಲೆ ನಿಜವಾದ ಡೆಕಾಲ್‌ನ ಆ ಅಂಚಿಗೆ 4-5 ಮಿ.ಮೀ.ಗೊಂದರಂತೆ, ಅಗಲದ ಮುಕ್ಕಾಲು ಭಾಗದವರೆಗೆ ಹೊಸ ಬ್ಲೇಡಿನಲ್ಲಿ ಸೀಳು. ಕೂರಿಸಿದಾಗ ಸೀಳುಗಳು ಒಂದರ ಮೇಲೊಂದು ಸ್ವಲ್ಪ ಏರಿಕೊಳ್ಳುತ್ತವೆ, ಸೋಲ್ ಅವನ್ನು ಬೆಸೆಯುತ್ತದೆ. ಎಲ್ಲಾದರೂ ಬಿಳಿ ಸಂದು ಉಳಿದರೆ ಬಣ್ಣದ ಚುಕ್ಕೆ ಇಟ್ಟರಾಯಿತು. ಕಾಕ್‌ಪಿಟ್ ಕಿಟಕಿಯ ಡೆಕಾಲನ್ನೂ ಇಡಿಯಾಗಿ ಹಾಕುವುದಿಲ್ಲ, ನಡುಗಂಬದಲ್ಲಿ ಸೀಳಿ ಎಡ ಬಲ ಬೇರೆ ಬೇರೆ.

ಬಾಲದ ರೆಕ್ಕೆಯಲ್ಲಿ ಲಾಂಛನ ಎರಡೂ ಕಡೆಯಿಂದ ಬಂದು ಮುಂದಂಚಿನಲ್ಲಿ ಕೂಡಬೇಕು, ಕೂಡುವುದಿಲ್ಲ. ಸಣ್ಣ ಬಿಳಿ ಗೆರೆ ಉಳಿದೇ ಉಳಿಯುತ್ತದೆ. ಹಾಗಾಗಿ ಡೆಕಾಲ್‌ಗೆ ಮುಂಚೆಯೇ ಮುಂದಂಚಿನ 2 ಮಿ.ಮೀ.ಗೆ ಅದೇ ಬಣ್ಣ ಹೊಡೆದಿರುತ್ತೇನೆ. ಬಣ್ಣ ಹೊಂದಿಸುವಾಗ ಬಿಳಿ ಪ್ಲಾಸ್ಟಿಕ್ ಚೂರಿನ ಮೇಲೆ ಹಾಳೆಯ ಒಂದು ತುಣುಕನ್ನು ಅಂಟಿಸಿ, ಪಕ್ಕದಲ್ಲಿ ಬೆರೆಸಿದ ಬಣ್ಣ ಹಚ್ಚಿ, ಎರಡೂ ಪೂರ್ತಿ ಒಣಗಿದ ಮೇಲೆಯೇ ಹೋಲಿಸಬೇಕು. ಒದ್ದೆ ಬಣ್ಣ ಸುಳ್ಳು ಹೇಳುತ್ತದೆ. ಅಡ್ಡರೆಕ್ಕೆ, ಎಂಜಿನ್, ಆಂಟೆನಾಗಳನ್ನು ಡೆಕಾಲ್ ಮುಗಿಯುವವರೆಗೆ ಅಂಟಿಸುವುದಿಲ್ಲ, ಕೈಯಾಡಲು ಜಾಗ ಬೇಕು.

ಮಾರನೆಯ ದಿನ ಓರೆ ಬೆಳಕಿನಲ್ಲಿ ತಪಾಸಣೆ. ಗುಳ್ಳೆ, ಬೆಳ್ಳಿ ಮಚ್ಚೆ ಕಂಡಲ್ಲಿ ಸೂಜಿಯಿಂದ ಚುಚ್ಚಿ, ಸೋಲ್‌ನ ಒಂದು ಹನಿ ಬಿಟ್ಟು, ಒಣಗಿಸಿ, ಬೇಕಾದರೆ ಮತ್ತೊಮ್ಮೆ. ಮೂರು ಸಲಕ್ಕೂ ಜಗ್ಗದಿದ್ದರೆ ಆ ಡೆಕಾಲನ್ನು ತೆಗೆಯುವುದೇ ಮೇಲು: ಮಾಸ್ಕಿಂಗ್ ಟೇಪ್ ಒತ್ತಿ ಎಳೆದರೆ ಒಣಗಿದ ಡೆಕಾಲ್ ಅದರ ಜೊತೆ ಬರುತ್ತದೆ. ಬಣ್ಣ ಗಟ್ಟಿಯಾಗಿ ಕೂತಿರದಿದ್ದರೆ ಅದೂ ಬರುತ್ತದೆ ಅನ್ನುವುದು ನೆನಪಿರಲಿ. ಎಲ್ಲ ಸರಿಯಿದ್ದರೆ ಒದ್ದೆ ಬಟ್ಟೆಯಿಂದ ಅಂಟಿನ ಕಲೆ ಒರೆಸಬೇಕು. ಬಿಟ್ಟರೆ ಕ್ಲಿಯರ್ ಕೆಳಗೆ ಕಂದು ಉಂಗುರವಾಗಿ ಉಳಿಯುತ್ತದೆ.

ಕೊನೆಯ ಕ್ಲಿಯರನ್ನು 24 ಗಂಟೆ ಬಿಟ್ಟು ಹೊಡೆಯುತ್ತೇನೆ. ಲ್ಯಾಕರ್ ಕ್ಲಿಯರನ್ನು ಮೊದಲ ಸಲವೇ ಒದ್ದೆಯಾಗಿ ಹೊಡೆದರೆ ಡೆಕಾಲ್ ಕರಗಿ ಸುರುಟುತ್ತದೆ. ಮಂಜಿನ ಹಾಗೆ ಎರಡು ಪದರ, ಆಮೇಲೆ ಬೇಕಾದರೆ ದಪ್ಪ. ಪಟ್ಟೆಯ ಅಂಚಿನ ಮೆಟ್ಟಿಲು ಬೆರಳಿಗೆ ಸಿಗುತ್ತಿದ್ದರೆ ಮೂರು ಪದರ ಕ್ಲಿಯರ್ ಕೊಟ್ಟು, ಮೂರು ದಿನ ಬಿಟ್ಟು, 4000ದಲ್ಲಿ ನೀರು ಹಾಕಿ ಉಜ್ಜಿದರೆ ಸಮವಾಗುತ್ತದೆ. ಕನ್ನಡಿಯಂಥ ಹೊಳಪು ಈ ಅಳತೆಗೆ ಆಟಿಕೆಯ ಕಳೆ ತರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ನಾನು ಸೆಮಿಗ್ಲಾಸ್‌ಗೆ ನಿಲ್ಲಿಸುತ್ತೇನೆ. ಬೋಯಿಂಗ್ ರೆಕ್ಕೆಯ ಮೇಲಿನ ಬೂದು ಕೋರೋಗಾರ್ಡ್ (ತುಕ್ಕು ತಡೆಯುವ ಲೇಪ) ಪಟ್ಟಿಗಳಿಗೆ ಹಾಳೆಯಲ್ಲಿ ಡೆಕಾಲ್ ಇದ್ದರೂ ಬಳಸುವುದಿಲ್ಲ, ಅಷ್ಟಗಲ ಒಂದೇ ಬಣ್ಣವಿರುವ ಕಡೆ ಟೇಪ್ ಹಚ್ಚಿ ಬಣ್ಣ ಹೊಡೆಯುವುದೇ ಸಲೀಸು. ಉಳಿದ ಡೆಕಾಲ್‌ಗಳನ್ನು ಜಿಪ್ ಚೀಲದಲ್ಲಿ, ಮಡಿಸದೆ, ತೇವವಿಲ್ಲದ ಕತ್ತಲೆಯ ಜಾಗದಲ್ಲಿ ಇಡುತ್ತೇನೆ. ಮುಂದಿನ ಮಾಡೆಲ್‌ಗೆ ಸೋಲ್ ಪರೀಕ್ಷೆ ಮಾಡಲು ಅವೇ ಬೇಕು.