ಭೇದಿಯಾದ ಕೂಸಿನ ನಿರ್ಜಲೀಕರಣವನ್ನು ಗುರುತಿಸುವ ಬಗೆ

ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ ವಾಂತಿಭೇದಿಯಾದ ಕೂಸಿನ ಮೈಯಲ್ಲಿನ ನೀರು ಬಹಳ ಬೇಗ ಇಳಿದುಹೋಗುತ್ತದೆ. ಎಎನ್‌ಎಂ ಮತ್ತು ಜಿಎನ್‌ಎಂ ಎಂಬ ನರ್ಸಿಂಗ್ ಕೋರ್ಸುಗಳ ವಿದ್ಯಾರ್ಥಿಗಳು ಚಿಕಿತ್ಸೆಯ ಎ (ಮನೆಯ ಆರೈಕೆ), ಬಿ (ಬಾಯಿಯ ಮೂಲಕ ಓಆರ್‌ಎಸ್), ಸಿ (ರಕ್ತನಾಳದ ಮೂಲಕ ದ್ರವ) ಯೋಜನೆಗಳನ್ನು ಬಾಯಿಪಾಠ ಮಾಡಿರುತ್ತಾರಾದರೂ, ಎದುರಿಗಿರುವ ಕೂಸು ಯಾವ ಯೋಜನೆಗೆ ಸೇರುತ್ತದೆಂದು ನಿರ್ಧರಿಸುವಲ್ಲಿಯೇ ತಡವರಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಕೂಸನ್ನು ಮುಟ್ಟುವ ಮೊದಲು ನೋಡಬೇಕು, ಏಕೆಂದರೆ ಮುಟ್ಟಿದೊಡನೆ ಅತ್ತರೆ ಅದು ರೋಗದ ಚಡಪಡಿಕೆಯೋ ಭಯವೋ ತಿಳಿಯುವುದಿಲ್ಲ. ತಾಯಿಯ ಮಡಿಲಲ್ಲಿರುವಾಗಲೇ ಅದು ಎಚ್ಚರವಾಗಿದೆಯೇ, ಕಿರಿಕಿರಿ ಮಾಡುತ್ತಿದೆಯೇ, ಮಂಕಾಗಿದೆಯೇ, ಕಣ್ಣು ಗುಳಿಬಿದ್ದಿವೆಯೇ ಎಂದು ಗಮನಿಸಿ. ‘ಎಷ್ಟು ಸಲ ಜುಲಾಬು ಆಗ್ಯಾವ ಅವ್ವಾ, ರಕ್ತ ಬಿದ್ದದೇನು?’ ಎಂದು ಅವರ ಮಾತಿನಲ್ಲೇ ಕೇಳಿ. ನಂತರ ಚಮಚದಿಂದ ನೀರು ಕೊಡಿಸಿ, ಆತುರದಿಂದ ಕುಡಿಯುತ್ತದೆಯೋ ಕುಡಿಯಲಾರದೋ ನೋಡಿ.

ಚರ್ಮವನ್ನು ಹಿಡಿದು ನೋಡುವ ಪರೀಕ್ಷೆಯಲ್ಲಿ ಹೆಚ್ಚು ತಪ್ಪಾಗುತ್ತದೆ. ಕೂಸನ್ನು ಅಂಗಾತ ಮಲಗಿಸಿ, ಹೊಕ್ಕುಳಿಗೂ ಹೊಟ್ಟೆಯ ಪಕ್ಕಕ್ಕೂ ನಡುವಿನ ಜಾಗದಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನಿಂದ, ಉಗುರು ತಾಗದಂತೆ, ಚರ್ಮವನ್ನು ಅದರ ಕೆಳಪದರದ ಸಮೇತ ಎತ್ತಬೇಕು. ಮಡಿಕೆ ಮೈಯ ಉದ್ದಕ್ಕೆ ಇರಬೇಕೇ ಹೊರತು ಅಡ್ಡಕ್ಕಲ್ಲ. ಒಂದು ಸೆಕೆಂಡು ಹಿಡಿದು ಬಿಟ್ಟಾಗ ಮಡಿಕೆ ಕ್ಷಣಕಾಲ ನಿಂತರೆ ‘ನಿಧಾನ’, 2 ಸೆಕೆಂಡಿಗೂ ಹೆಚ್ಚು ನಿಂತರೆ ‘ಅತಿ ನಿಧಾನ’. ತೀವ್ರ ಅಪೌಷ್ಟಿಕತೆಯ ಕೂಸಿನ ಚರ್ಮ ನೀರಿನ ಕೊರತೆ ಇಲ್ಲದಿದ್ದರೂ ನಿಧಾನವಾಗಿ ಮರಳಬಹುದು. ಆದ್ದರಿಂದ ಇದೊಂದನ್ನೇ ನಂಬಬಾರದು.

ಮಂಕು ಅಥವಾ ಪ್ರಜ್ಞೆ ತಪ್ಪಿರುವುದು, ಗುಳಿಬಿದ್ದ ಕಣ್ಣು, ಕುಡಿಯಲಾಗದಿರುವುದು, ಅತಿ ನಿಧಾನವಾಗಿ ಮರಳುವ ಚರ್ಮ, ಇವುಗಳಲ್ಲಿ ಎರಡಿದ್ದರೆ ತೀವ್ರ ನಿರ್ಜಲೀಕರಣ, ಅಂದರೆ ಯೋಜನೆ ಸಿ. ಚಡಪಡಿಕೆ, ಗುಳಿಬಿದ್ದ ಕಣ್ಣು, ಆತುರದ ಬಾಯಾರಿಕೆ, ನಿಧಾನವಾಗಿ ಮರಳುವ ಚರ್ಮ, ಇವುಗಳಲ್ಲಿ ಎರಡಿದ್ದರೆ ಯೋಜನೆ ಬಿ: ಪ್ರತಿ ಕಿಲೋ ತೂಕಕ್ಕೆ 75 ಮಿ.ಲೀ. ಓಆರ್‌ಎಸ್ ಅನ್ನು 4 ಗಂಟೆಗಳಲ್ಲಿ ಚಮಚದಿಂದ ಕುಡಿಸಬೇಕು. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕೊಡಿ. ವಾಂತಿಯಾಯಿತೆಂದು ಓಆರ್‌ಎಸ್ ನಿಲ್ಲಿಸಬೇಡಿ, ಎದೆಹಾಲನ್ನಂತೂ ನಿಲ್ಲಿಸಲೇಬೇಡಿ. ಈ ಲಕ್ಷಣಗಳಿಲ್ಲದಿದ್ದರೆ ಯೋಜನೆ ಎ, ಮನೆಯಲ್ಲಿಯೇ ಆರೈಕೆ.

ಯೋಜನೆ ಸಿಯಲ್ಲಿ ವೈದ್ಯರ ಆದೇಶದಂತೆ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರವವನ್ನು ರಕ್ತನಾಳಕ್ಕೆ ಹಾಕುವಾಗ ಹನಿಗಳ ಲೆಕ್ಕ ನಿಮ್ಮದು. ಹತ್ತು ತಿಂಗಳ, 8 ಕಿಲೋ ತೂಕದ ಕೂಸಿಗೆ ಮೊದಲ ಒಂದು ಗಂಟೆಯಲ್ಲಿ ಕಿಲೋಗೆ 30ರಂತೆ 240 ಮಿ.ಲೀ., ಮುಂದಿನ 5 ಗಂಟೆಗಳಲ್ಲಿ ಕಿಲೋಗೆ 70ರಂತೆ 560 ಮಿ.ಲೀ. ಹೋಗಬೇಕು. ದ್ರವ ಹನಿಸುವ ಕೊಳವೆ ಸೆಟ್ಟಿನ ಕವರಿನ ಮೇಲೆ ಒಂದು ಮಿ.ಲೀ.ಗೆ 20 ಹನಿ ಎಂದಿದ್ದರೆ, 240ನ್ನು 20ರಿಂದ ಗುಣಿಸಿ 60 ನಿಮಿಷದಿಂದ ಭಾಗಿಸಿದಾಗ ನಿಮಿಷಕ್ಕೆ 80 ಹನಿ. ಎರಡನೆಯ ಹಂತದಲ್ಲಿ ಸುಮಾರು 37. ಅದೇ ಕೂಸಿಗೆ 15 ಹನಿಯ ಸೆಟ್ಟಾದರೆ 60 ಮತ್ತು 28. ಆದ್ದರಿಂದ ಕವರನ್ನು ಓದದೆ ಬಿಸಾಡಬೇಡಿ.

ಈ ಲೆಕ್ಕ ತೀವ್ರ ಅಪೌಷ್ಟಿಕತೆಯ ಕೂಸಿಗೆ ಅನ್ವಯಿಸುವುದಿಲ್ಲ. ಅಂಥ ಕೂಸಿಗೆ ಆಘಾತದ (ಶಾಕ್, ಅಂದರೆ ರಕ್ತ ಪರಿಚಲನೆ ಕುಸಿದ) ಸ್ಥಿತಿಯಲ್ಲಿ ಮಾತ್ರ ರಕ್ತನಾಳದ ಮೂಲಕ ದ್ರವ ಕೊಡುತ್ತಾರೆ, ಅದೂ ನಿಧಾನವಾಗಿ, ಏಕೆಂದರೆ ಅತಿಯಾದ ದ್ರವವನ್ನು ಅದರ ಹೃದಯ ತಾಳಲಾರದು. ಯೋಜನೆ ಸಿಯ ಬಾಟಲಿ ನೇತುಹಾಕಿದ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ ಮಣಿಕಟ್ಟಿನ ನಾಡಿ ಮತ್ತು ಉಸಿರಾಟವನ್ನು ನೋಡಿ ಸಮಯ ಸಹಿತ ಬರೆಯಿರಿ. ಉಸಿರು ವೇಗವಾದರೆ ಅಥವಾ ಕಣ್ಣರೆಪ್ಪೆ ಊದಿಕೊಂಡರೆ ದ್ರವ ನಿಲ್ಲಿಸಿ ಕೂಡಲೇ ವೈದ್ಯರನ್ನು ಕರೆಯಿರಿ.