ಕುಸುಬೆ ಮುಳ್ಳು ಸೆರಗಿಗೆ ಬಂದ ಬಗೆ

ಧಾರವಾಡ ಸೀಮೆಯಲ್ಲಿ ಕಸೂತಿ ಎಂದರೆ ಗೋಪುರ, ತೇರು, ಅಂಬಾರಿ ಆನೆ, ತುಳಸಿ ವೃಂದಾವನ. ನಾನೂ ಅವುಗಳಲ್ಲೇ ಕೈ ಪಳಗಿಸಿಕೊಂಡವಳು. ಹೊಲದ ಗಿಡಗಳನ್ನು ಎಳೆ ಎಣಿಸಿ ಸೀರೆಗೆ ತರುತ್ತೇನೆ ಎಂದಾಗ ನಮ್ಮ ಅತ್ತೆ, “ಕುಸುಬೆ ಮುಳ್ಳನ್ನು ಯಾರು ಉಡುತ್ತಾರವ್ವಾ?” ಎಂದರು. ಅಂಗಡಿಯವರೊಬ್ಬರು ಮಾದರಿಯನ್ನು ಪೂರ್ತಿ ಬಿಚ್ಚಿಯೂ ನೋಡದೆ ಮಡಚಿ ಕೊಟ್ಟರು. ಈಗ ಅದೇ ಕುಸುಬೆಯ ಸೆರಗಿಗೆ ಮುಂಗಡ ಕೊಟ್ಟು ಕಾಯುವವರಿದ್ದಾರೆ.

ಮೊದಮೊದಲು ಕೆಟ್ಟದ್ದೇ ಹೆಚ್ಚು. ದಾಸವಾಳ, ಎಕ್ಕ, ಬದನೆ ಹೂವು ಎಲ್ಲವನ್ನೂ ಗ್ರಾಫ್ ಹಾಳೆಯಲ್ಲಿ ಬರೆದುಕೊಂಡು ಹಾಕಿ ನೋಡಿದೆ. ಐದು ಎಸಳಿನ ಹೂವು ನಮ್ಮ ಚೌಕದ ಲೆಕ್ಕಕ್ಕೆ ಬಗ್ಗುವುದೇ ಇಲ್ಲ, ಒಂದಲ್ಲ ಒಂದು ಎಸಳು ಸೊಟ್ಟಗಾಗುತ್ತದೆ. ದಾರ, ಬಟ್ಟೆ ಸೇರಿ 7–8 ಸಾವಿರ ರೂಪಾಯಿ ಹೋಯಿತು. ನಾಲ್ಕೆಸಳಿನ ಸಾಸಿವೆ, ಮೂಲಂಗಿ ಹೂಗಳು ಮಾತ್ರ ಹೆಂತೆಯಲ್ಲಿ (ಗುಣಾಕಾರ ಚಿಹ್ನೆಯಂಥ ಅಡ್ಡ ಹೊಲಿಗೆ) ಹೇಳಿ ಮಾಡಿಸಿದಂತೆ ಕೂತವು.

ಆಮೇಲೆ ಹಾಳೆ ಬಿಟ್ಟೆ. ಹಳೆಯ ಕಾಳು ಜರಡಿಯ ಚೌಕುಳಿ ಜಾಲರಿಯನ್ನು ಗಿಡದ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ, ಕವಲು ಯಾವ ಮನೆಯಿಂದ ಯಾವ ಮನೆಗೆ ಹೋಗುತ್ತದೆ ಎಂದು ಎಣಿಸಿ ನೇರವಾಗಿ ಬಟ್ಟೆಗೆ ಹಾಕತೊಡಗಿದೆ. ಹಿಂಗಾರಿ ಜೋಳದ ಸುತ್ತ ದನ ನುಗ್ಗದಂತೆ ಬಿತ್ತಿದ್ದ ಕುಸುಬೆ ಹೀಗೆಯೇ ಸಿಕ್ಕಿತು. ಅದರ ಮುಳ್ಳುಗಳು ನೇರಕ್ಕೋ ಓರೆಗೋ ಚಾಚುತ್ತವೆ, ನಮ್ಮ ಸೂಜಿಯೂ ಹೋಗುವುದು ಹಾಗೆಯೇ. ಗವಂತಿಯಲ್ಲಿ (ಹೋದ ದಾರಿಯಲ್ಲೇ ಹಿಂತಿರುಗುವ ಗೆರೆ ಹೊಲಿಗೆ) ಮುಳ್ಳೇ ಎಲ್ಲಕ್ಕಿಂತ ಸಲೀಸು: ಮೇಲಿನಿಂದ ಒಂದು ಹೊಲಿಗೆ ಹೋಗಿ, ಅದೇ ಎರಡು ರಂಧ್ರಗಳಲ್ಲಿ ಅಡಿಯಿಂದ ಹಿಂತಿರುಗಿದರೆ ಬಟ್ಟೆಯ ಎರಡೂ ಮಗ್ಗುಲಲ್ಲಿ ಮುಳ್ಳು ಮುಗಿದಂತೆ. ಎಲೆಯ ಹಲ್ಲಂಚಿಗೆ ಮುರ್ಗಿ, ಅಂದರೆ ಮೆಟ್ಟಿಲಿನಂತೆ ಅಂಕುಡೊಂಕಾಗಿ ಹೋಗುವ ಹೊಲಿಗೆ. ಕೈಮಗ್ಗದ ಬಟ್ಟೆಯಲ್ಲಿ ಹಾಸು ಹೊಕ್ಕು ಎರಡನ್ನೂ ಅಂಗುಲಕ್ಕೆ ಎಷ್ಟು ಎಳೆ ಎಂದು ಬೇರೆ ಬೇರೆ ಎಣಿಸಿಕೊಳ್ಳಿ, ಇಲ್ಲವಾದರೆ ದುಂಡು ಮೊಗ್ಗು ಸೌತೆಕಾಯಿಯಾಗುತ್ತದೆ.

ನಡುವೆ ದಾರಕ್ಕೂ ಕೈ ಹಾಕಿದೆ. ದಾಳಿಂಬೆ ಸಿಪ್ಪೆ ಕುದಿಸಿದ ಹಳದಿ ನೀರಿಗೆ ತುಕ್ಕು ಮೊಳೆ ನೆನೆಸಿದ ನೀರು ಬೆರೆಸಿದರೆ ಚೆಂದದ ಕಪ್ಪು ಬೂದಿ ಬಣ್ಣ ಬರುತ್ತದೆ. ಆದರೆ ತುಕ್ಕಿನ ನೀರು ಹೆಚ್ಚಾದ ಲಡಿ ಸೂಜಿಯಲ್ಲೇ ಪಟಪಟ ಕಡಿಯಿತು. ಎಷ್ಟು ಹಾಕಬೇಕೆಂಬುದು ಈಗ ಕೈಗೆ ಗೊತ್ತಾಗಿದೆ.

ಮೊದಲ ಕುಸುಬೆ ಸೀರೆಗೆ ಸುಮಾರು 6,000 ರೂಪಾಯಿ ಬಂತು. ಸೀರೆಯ ಬೆಲೆಯೇ ಮೂರು ಸಾವಿರದ ಮೇಲೆ, ದುಡಿದದ್ದು ಎರಡು ತಿಂಗಳ ಹತ್ತಿರ. ಈಗ 11–12 ಸಾವಿರಕ್ಕೆ ಕಡಿಮೆ ಒಪ್ಪುವುದಿಲ್ಲ. ಅಂಥ ಸೆರಗನ್ನು ಈ ಭಾಗದಲ್ಲಿ ಬೇರೆ ಯಾರೂ ಹಾಕಿದ್ದನ್ನು ನಾನು ಕಂಡಿಲ್ಲ.

ದಾರ ಕಡಿಯದೆ ಒಂದು ಮೊಗ್ಗಿನಿಂದ ಪಕ್ಕದ ಮೊಗ್ಗಿಗೆ ದಾಟುವ ದಾರಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಬಳಿ ಕಲಿಯುವ ಹುಡುಗಿಯರಿಗೆ. ಜರಡಿಯ ವಿದ್ಯೆ ಯಾರು ಬೇಕಾದರೂ ತೆಗೆದುಕೊಳ್ಳಿ. ಗರಿಕೆಯಿಂದ ತೊಡಗಿ: ಮೂರೇ ಕವಲು, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.